ಗ್ರಾಮನಾಟಕದ ಮೇಷ್ಟ್ರ ವೇತನ: ಮಂಡ್ಯ, ಮದ್ದೂರು, ಮಳವಳ್ಳಿ ಪ್ರಾಂತದ ಪದ್ಧತಿಯ ವಿಚಾರ

ಮಂಡ್ಯ, ಮದ್ದೂರು, ಮಳವಳ್ಳಿ ಈ ಮೂರು ತಾಲ್ಲೂಕುಗಳ ಗ್ರಾಮಗಳಲ್ಲಿ ಪೌರಾಣಿಕ ನಾಟಕಗಳನ್ನಾಡುವ ಪದ್ಧತಿ ಬಹುಕಾಲದಿಂದ ರೂಢಮೂಲವಾಗಿ ಬಂದಿದೆ. ಸುಗ್ಗಿ ಮುಗಿದು ಕಣ ಬರಿದಾದ ಮೇಲೆ ಊರ ರಾಮಮಂದಿರದಲ್ಲಿಯೋ ಮಾರಿಗುಡಿಯ ಮುಂದಣ ಚಾವಡಿಯಲ್ಲಿಯೋ ರಾತ್ರಿ ಹೊತ್ತು ಹಾರ್ಮೋನಿಯಮ್ಮಿನ ಧ್ವನಿ ಕೇಳತೊಡಗಿತೆಂದರೆ, ಆ ಊರಿನವರು ಕುರುಕ್ಷೇತ್ರವನ್ನೋ ದಕ್ಷಯಜ್ಞವನ್ನೋ ರಾಜಾ ಸತ್ಯವ್ರತನ ಕಥೆಯನ್ನೋ ಕಲಿಯುತ್ತಿರುವರೆಂದು ನೆರೆಯೂರಿನವರು ತಿಳಿದುಕೊಳ್ಳುತ್ತಾರೆ. ಕಲಿಯುವವರು ಬೇಸಾಯಗಾರರು, ಕೂಲಿಕಾರರು, ಅಂಗಡಿಯವರು, ಸರ್ಕಾರದ ನೌಕರರು; ನಾಟಕವು ಇವರಲ್ಲಿ ಯಾರೊಬ್ಬರ ವೃತ್ತಿಯೂ ಅಲ್ಲ. ಕಲಿಸುವವನೊಬ್ಬನಿಗೆ ಮಾತ್ರ ಅದು ವೃತ್ತಿ. ಮೂವತ್ತು ನಾಲ್ವತ್ತು ಮಂದಿ ಸಂತೋಷಕ್ಕಾಗಿ ಮಾಡುವ ಕಾರ್ಯವನ್ನು ಅವರ ನಡುವೆ ಒಬ್ಬನು ಹೊಟ್ಟೆಪಾಡಿಗಾಗಿ ಮಾಡುವುದರಿಂದ, ಅವನಿಗೆ ಕೊಡತಕ್ಕ ಹಣವು ಎಂಥದು, ಅದು ದಕ್ಷಿಣೆಯೋ ಕೂಲಿಯೋ ಸಂಬಳವೋ, ಅದನ್ನು ಕೊಡಬೇಕಾದವರಾರು, ಎಂಬ ಪ್ರಶ್ನೆಗಳು ಹುಟ್ಟುತ್ತವೆ. ಪ್ರಶ್ನೆಯು ಲೌಕಿಕವಾದರೂ ಇದಕ್ಕೆ ಶಾಸ್ತ್ರದಲ್ಲಿಯೂ ಚರಿತ್ರೆಯಲ್ಲಿಯೂ ಬೇರುಗಳಿರುವುದರಿಂದ ವಿಚಾರಾರ್ಹವಾಗಿದೆ.

ಈ ಪುರುಷನನ್ನು ಜನರು ಕರೆಯುವ ಹೆಸರು `ಮೇಷ್ಟ್ರು' ಎಂದು. ಶಾಲೆಯ ಮೇಷ್ಟ್ರಿಂದ ಬೇರ್ಪಡಿಸುವುದಕ್ಕಾಗಿ `ಹಾರ್ಮೋನಿಯಂ ಮೇಷ್ಟ್ರು', `ಡ್ರಾಮಾ ಮೇಷ್ಟ್ರು' ಎಂದೂ ಅನ್ನುವುದುಂಟು. `ನಿರ್ದೇಶಕ' ಎಂಬ ಮಾತು ಅಚ್ಚಿನ ಕರಪತ್ರಗಳಲ್ಲಿ ಕಾಣಿಸಿಕೊಂಡಿದ್ದರೂ ಊರವರ ಬಾಯಲ್ಲಿ ಅದಿನ್ನೂ ಕುದುರಿಲ್ಲ. ಇವನ ಕೆಲಸದ ವಿಸ್ತಾರವನ್ನು ನೋಡಿದರೆ ಒಂದು ಹೆಸರು ಸಾಲದೆಂದೇ ಹೇಳಬೇಕು. ಪಾತ್ರಗಳನ್ನು ಹಂಚುವವನು ಇವನು. ಒಬ್ಬೊಬ್ಬರ ಮಾತನ್ನೂ ಪದ್ಯವನ್ನೂ ಬೇರೆಬೇರೆಯಾಗಿ ಬರೆಯಿಸಿಕೊಡುವವನು ಇವನು. ಓದುಬಾರದವರಿಗೆ ಬಾಯಿಪಾಠ ಮಾಡಿಸಿ, ಕಂದಪದ್ಯದ ಮಟ್ಟು ತಿದ್ದಿ, ಹೆಜ್ಜೆ ತಿರುವು ನಿಲವುಗಳನ್ನು ತೋರಿಸಿಕೊಡುವವನು ಇವನು. ಸೀನರಿಯವರನ್ನೂ ಪಟ್ಟಣದಿಂದ ಬರತಕ್ಕ ಸ್ತ್ರೀಪಾತ್ರಧಾರಿಗಳನ್ನೂ ಗೊತ್ತುಮಾಡಿಕೊಡುವುದೂ ಅನೇಕವೇಳೆ ಇವನ ಪಾಲಿಗೇ ಬೀಳುತ್ತದೆ. ಆಟದ ರಾತ್ರಿ ರಂಗದ ಪಕ್ಕದಲ್ಲಿ ಹಾರ್ಮೋನಿಯಮ್ಮಿನ ಮುಂದೆ ಕುಳಿತು, ತಿದಿಯನ್ನು ಕಾಲಿನಿಂದ ಒತ್ತುತ್ತ, ಮರೆತವನಿಗೆ ಮಾತನ್ನು ಎತ್ತಿಕೊಡುತ್ತ, ಬೆಳಗಾಗುವವರೆಗೂ ನಾಟಕವನ್ನು ನಡೆಯಿಸುವವನೂ ಇವನೇ. ಸೂತ್ರಧಾರನೆಂಬ ಶಬ್ದಕ್ಕೆ ಯೋಗಾರ್ಥವನ್ನು ಹುಡುಕುವವರು ಇಲ್ಲಿ ಕಾಣಬಹುದು.

ಕಲೆಯನ್ನು ಹಣಕ್ಕೆ ಕಲಿಸುವುದು ಹೀನವೆಂಬ ಭಾವನೆ ಪಂಡಿತವರ್ಗದಲ್ಲಿ ಹಳೆಯದು. ಮನುಸ್ಮೃತಿಯು ಶ್ರಾದ್ಧಕ್ಕೆ ಅನರ್ಹರಾದವರ ಪಟ್ಟಿಯಲ್ಲಿ ಭೃತಕಾಧ್ಯಾಪಕನನ್ನು, ಎಂದರೆ ಕೂಲಿ ಪಡೆದು ವೇದವನ್ನು ಹೇಳಿಕೊಡುವವನನ್ನು, ಸೇರಿಸಿದೆ; ಅವನಿಂದ ಕಲಿತ ಶಿಷ್ಯನನ್ನೂ ಬಿಟ್ಟಿಲ್ಲ. ಆದರೆ ಅದೇ ಸ್ಮೃತಿಯು ವಿದ್ಯೆ ಮುಗಿದ ಮೇಲೆ ಗುರುವಿಗೆ ಯಥಾಶಕ್ತಿಯಾಗಿ ಒಪ್ಪಿಸಬಹುದಾದ ವಸ್ತುಗಳನ್ನು ಹೇಳುವಾಗ ಹೊಲ, ಹೊನ್ನು, ಹಸು, ಕುದುರೆಗಳಿಂದ ತೊಡಗಿ ಕೊಡೆ, ಕೆರ, ಧಾನ್ಯ, ಕಾಯಿಪಲ್ಯಗಳವರೆಗೂ ಎಣಿಸಿದೆ. ಆದ್ದರಿಂದ ನಿಷೇಧವು ಕೊಡುವುದಕ್ಕಲ್ಲ, ಮೊದಲೇ ಬೆಲೆ ಕಟ್ಟುವುದಕ್ಕೆ ಎಂದು ಅರ್ಥಮಾಡಬೇಕು. ಮೇಲಾಗಿ ಅದು ವೇದಾಧ್ಯಾಪನಕ್ಕೆ ಸಂಬಂಧಿಸಿದ್ದು. ನಾಟ್ಯಕ್ಕೆ ಅದನ್ನು ಎಳೆದುತಂದು ಹಾರ್ಮೋನಿಯಂ ಮೇಷ್ಟ್ರನ್ನು ಭೃತಕಾಧ್ಯಾಪಕನೆಂದು ಹಳಿಯುವುದು ನ್ಯಾಯವಲ್ಲ.

ನಾಟ್ಯವನ್ನು ಕಲಿಸುವವನು ಅಧ್ಯಾಪಕನೇ ಅಲ್ಲವೇ ಎಂಬ ಪ್ರಶ್ನೆಯನ್ನು ವೈಯಾಕರಣರು ಬೇರೊಂದು ಪ್ರಸಂಗದಲ್ಲಿ ಎತ್ತಿದ್ದಾರೆ. ಉಪಾಧ್ಯಾಯನಿಂದ ಕಲಿಯುವನೆಂಬಲ್ಲಿ ಉಪಾಧ್ಯಾಯಶಬ್ದಕ್ಕೆ ಪಂಚಮೀವಿಭಕ್ತಿ ಬರುವುದೆಂದು ಪಾಣಿನಿಯ ವಿಧಿ. ನಟನ ಹಾಡನ್ನು ಕೇಳುವನೆಂಬಲ್ಲಿ ಅದು ಬಾರದು, ಅಲ್ಲಿ ಷಷ್ಠಿಯೇ. ಕಾರಣವೇನೆಂದರೆ, ಆ ವಿಧಿಯು ವಿದ್ಯಾಗ್ರಹಣವಿರುವಲ್ಲಿ ಮಾತ್ರ ಪ್ರವರ್ತಿಸುತ್ತದೆ. ಇದಕ್ಕೆ ಪತಂಜಲಿಯು ತಾನೇ ಒಂದು ಆಕ್ಷೇಪವನ್ನು ತರುತ್ತಾನೆ: ಹೊಸದಾಗಿ ಕಲಿಯತೊಡಗಿದವರು ನಟನಿಂದ ಕೇಳುವೆವೆಂದು ರಂಗಕ್ಕೆ ಹೋಗುವುದುಂಟಲ್ಲ, ಅದೂ ವಿದ್ಯಾಗ್ರಹಣವೇ ಅಲ್ಲವೇ ಎಂದು. ಸಮಾಧಾನವಾಗಿ, ನಿಯಮಪೂರ್ವಕವಾದ ಗ್ರಹಣವೇ ಇಲ್ಲಿ ವಿವಕ್ಷಿತವೆಂದು ಹೇಳಿ ಮುಗಿಸುತ್ತಾನೆ. ಮಂಡ್ಯದ ಸೀಮೆಯಲ್ಲಿ ಮೇಷ್ಟ್ರು ತಿಂಗಳುಗಟ್ಟಲೆ ಪ್ರತಿರಾತ್ರಿಯೂ ನಿಯತವಾಗಿ ಪಾಠ ಒಪ್ಪಿಸಿಕೊಂಡು, ತಪ್ಪಿದವನನ್ನು ಗದರಿ, ಗೈರುಹಾಜರಾದವನನ್ನು ಮನೆಯಿಂದ ಕರೆಯಿಸಿ ಕಲಿಸುತ್ತಾನೆ. ಪತಂಜಲಿಯ ಒರೆಗಲ್ಲಿನಿಂದಲೇ ನೋಡಿದರೆ ಇವನಿಗೆ ಪಂಚಮಿಯು ಸಲ್ಲತಕ್ಕದ್ದೆಂದು ವ್ಯಾಕರಣಜ್ಞರು ಒಪ್ಪಬಹುದು.

ಕಾಳಿದಾಸನ ಮಾಲವಿಕಾಗ್ನಿಮಿತ್ರದಲ್ಲಿ ಗಣದಾಸ ಹರದತ್ತರೆಂಬ ಇಬ್ಬರು ನಾಟ್ಯಾಚಾರ್ಯರು ಅರಮನೆಯ ಸಂಬಳದವರು. ಇಬ್ಬರಿಗೂ ಸ್ಪರ್ಧೆ ಹುಟ್ಟಿದಾಗ ವಿದೂಷಕನು, ಇವರಿಗೆ ಸುಮ್ಮನೆ ಸಂಬಳ ಕೊಡುವುದೇಕೆ, ಟಗರಿನ ಕಾಳಗವನ್ನಾದರೂ ನೋಡೋಣವೆಂಬಂತೆ ಹಾಸ್ಯಮಾಡುತ್ತಾನೆ. ಅದೇ ಅಂಕದಲ್ಲಿ ಗಣದಾಸನು, ವಿದ್ಯೆಯನ್ನು ಕೇವಲ ಜೀವನೋಪಾಯವಾಗಿ ಮಾಡಿಕೊಂಡು ವಾದಕ್ಕೆ ಹಿಂಜರಿಯುವವನು ಜ್ಞಾನವನ್ನು ಮಾರುವ ವರ್ತಕನಾದಾನೆಂದು ಅಭಿಮಾನದಿಂದ ನುಡಿಯುತ್ತಾನೆ. ಈ ಮಾತನ್ನು ವೇತನನಿಂದೆಗಾಗಿ ಉದಾಹರಿಸುವವರು, ಅದನ್ನಾಡಿದವನೇ ಸಂಬಳಗಾರನೆಂಬುದನ್ನು ಮರೆಯುತ್ತಾರೆ. ಸಂಬಳವನ್ನು ತೆಗೆದುಕೊಂಡೂ ವಿದ್ಯೆಯ ಮಾನವನ್ನು ಕಾಯಬಹುದೆಂಬುದೇ ಆ ಸಂದರ್ಭದಿಂದ ತಿಳಿಯತಕ್ಕ ಅರ್ಥ.

ವೇತನದ ವಿಷಯದಲ್ಲಿ ಅತ್ಯಂತ ಸ್ಪಷ್ಟವಾದ ವಿಧಿಗಳು ದೊರೆಯುವುದು ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ. ಈ ಗ್ರಂಥದ ಓಲೆಪ್ರತಿಯನ್ನು ಮೈಸೂರಿನ ಪ್ರಾಚ್ಯಕೋಶಾಗಾರದಲ್ಲಿ ೧೯೦೫ರಲ್ಲಿ ಗುರುತಿಸಿ ೧೯೦೯ರಲ್ಲಿ ಪ್ರಕಟಿಸಿದವರು ಆರ್. ಶಾಮಶಾಸ್ತ್ರಿಗಳು. ಅದರಲ್ಲಿ ಪ್ರಕೃತಕ್ಕೆ ಸಂಬಂಧಿಸಿದ ವಿಧಿಗಳು ಬೇರೆಬೇರೆ ಅಧಿಕರಣಗಳಲ್ಲಿ ಚದುರಿವೆ. ಗಣಿಕೆಯರಿಗೂ ರಂಗೋಪಜೀವಿನಿಯರಿಗೂ ಗೀತ, ವಾದ್ಯ, ನೃತ್ಯ, ನಾಟ್ಯ ಮೊದಲಾದುವನ್ನು ಕಲಿಸುವವನ ಜೀವನವು ರಾಜಾದಾಯದಿಂದ ನಡೆಯಬೇಕೆಂಬುದು ಒಂದು. ಹೊರಗಿನಿಂದ ಬಂದ ಮೇಳವು ಐದು ಪಣಗಳ ಪ್ರೇಕ್ಷಾವೇತನವನ್ನು ಸಲ್ಲಿಸಬೇಕೆಂಬುದು ಇನ್ನೊಂದು. ಭೃತ್ಯರ ಸಂಬಳಗಳನ್ನು ಹೇಳುವಲ್ಲಿ ಕುಶೀಲವರಿಗೆ ಇನ್ನೂರೈವತ್ತು ಪಣಗಳನ್ನೂ ತೂರ್ಯಕರರಿಗೆ ಅದರ ಇಮ್ಮಡಿಯನ್ನೂ ಗೊತ್ತುಮಾಡಿದೆ. ತೂರ್ಯಕರನೆಂದರೆ ವಾದ್ಯವನ್ನು ನುಡಿಸುವವನೋ ಮಾಡುವವನೋ ಎಂಬಲ್ಲಿ ಮತಭೇದವುಂಟು. ನುಡಿಸುವವನೆಂಬ ಪಕ್ಷವನ್ನು ಹಿಡಿದರೆ ಇಂದಿನ ಹಾರ್ಮೋನಿಯಂ ಮೇಷ್ಟ್ರಿಗೆ ನಟರಿಗಿಂತ ಮಿಗಿಲಾದ ಪ್ರಾಚೀನ ಹಕ್ಕೊಂದು ಸಿದ್ಧಿಸಿದಂತಾಗುತ್ತದೆ.

ಇವೆಲ್ಲ ರಾಜಧಾನಿಯ ಮಾತು. ಗ್ರಾಮಕ್ಕೆ ಸಂಬಂಧಿಸಿದ ವಿಧಿಯು ಧರ್ಮಸ್ಥೀಯಾಧಿಕರಣದಲ್ಲಿದೆ. ಅದೇ ಪ್ರಕೃತ ವಿಷಯಕ್ಕೆ ಜೀವಾಳವಾದದ್ದು. ಗ್ರಾಮದವರು ಕೂಡಿ ನಡೆಯಿಸುವ ಪ್ರೇಕ್ಷೆಗೆ ತನ್ನ ಅಂಶವನ್ನು ಕೊಡದವನು ತಾನೂ ನೋಡಕೂಡದು, ತನ್ನವರೂ ನೋಡಕೂಡದು. ಮರೆಯಲ್ಲಿ ನಿಂತು ಕೇಳಿದರೆ ಅಥವಾ ನೋಡಿದರೆ ಇಮ್ಮಡಿ ಅಂಶವನ್ನು ತೆರಬೇಕು. ಇದರಿಂದ ಮೂರು ಸಂಗತಿಗಳು ವಿದಿತವಾಗುತ್ತವೆ. ಗ್ರಾಮದಲ್ಲಿ ಸಮುದಾಯದ ನಾಟಕವಿದ್ದಿತು, ಅದಕ್ಕೆ ವೆಚ್ಚವಿದ್ದಿತು, ಆ ವೆಚ್ಚವನ್ನು ಹೊರುತ್ತಿದ್ದವರು ಆಡುವವರಲ್ಲ, ನೋಡುವವರು. ಗ್ರಾಮಗಳಲ್ಲಿ ವಿಹಾರಶಾಲೆಗಳಿರಕೂಡದು, ನಟನರ್ತಕರು ಬೇಸಾಯದ ಕೆಲಸಕ್ಕೆ ವಿಘ್ನಮಾಡಕೂಡದು ಎಂದು ಬೇರೊಂದೆಡೆ ಕಟ್ಟುನಿಟ್ಟು ಮಾಡಿದ ಅದೇ ಗ್ರಂಥವು, ಊರವರೇ ಅಂಶ ಹಾಕಿ ಮಾಡುವ ಆಟಕ್ಕೆ ರಕ್ಷಣೆಯನ್ನು ಕೊಟ್ಟಿರುವುದು ಗಮನಿಸತಕ್ಕದ್ದು.

ಒಟ್ಟುಗೂಡಿ ಕೆಲಸ ಮಾಡುವವರು ಬಂದ ಲಾಭವನ್ನು ಹಂಚಿಕೊಳ್ಳುವ ಕ್ರಮವನ್ನು ಬೃಹಸ್ಪತಿಸ್ಮೃತಿಯು ಹೇಳಿದೆ. ಶಿಲ್ಪಿಗಳಲ್ಲಿ ಕಲಿಯುವವನಿಗೆ ಒಂದು, ತಿಳಿದವನಿಗೆ ಎರಡು, ಕುಶಲನಿಗೆ ಮೂರು, ಆಚಾರ್ಯನಿಗೆ ನಾಲ್ಕು ಭಾಗ. ಮನೆಯನ್ನೋ ದೇವಾಲಯವನ್ನೋ ಕಟ್ಟುವಲ್ಲಿ ಪ್ರಮುಖನಿಗೆ ಎರಡು ಭಾಗ. ನರ್ತಕರ ಮೇಳದಲ್ಲಿ ತಾಳಜ್ಞನಿಗೆ ಒಂದೂವರೆ, ಹಾಡುವವರಿಗೆ ಸಮಭಾಗ. ಶಾಸ್ತ್ರವು ಹೀಗಿದ್ದರೆ ಆಚರಣೆ ಹೇಗಿದ್ದಿತೆಂಬುದಕ್ಕೆ ನೆರೆನಾಡಿನ ಒಂದು ಶಾಸನವೇ ಸಾಕ್ಷಿ. ತಂಜಾವೂರಿನ ದೊಡ್ಡ ದೇವಾಲಯದಲ್ಲಿ ರಾಜರಾಜ ಚೋಳನ ಕೊನೆಗಾಲದ, ಸುಮಾರು ೧೦೧೪ರ, ಶಾಸನವು ನಾನೂರು ಮಂದಿ ನರ್ತಕಿಯರಿಗೆ ತಲಾ ಒಂದು ಪಾಲನ್ನೂ ನಟ್ಟುವರಿಗೆ ತಲಾ ಎರಡು ಪಾಲನ್ನೂ ಕೊಟ್ಟಿದೆ. ಒಂದು ಪಾಲೆಂದರೆ ವರ್ಷಕ್ಕೆ ನೂರು ಕಲ ಭತ್ತ. ಕನ್ನಡ ಶಾಸನಗಳಲ್ಲಿಯೂ ನಟ್ಟುವ, ಮದ್ದಳೆಗಾರ, ವಂಶಿಗ, ಪಾತ್ರ ಇವರಿಗೆ ಭೂಮಿಯನ್ನು ಬಿಟ್ಟ ಉಲ್ಲೇಖಗಳು ಅಲ್ಲಲ್ಲಿ ದೊರೆಯುತ್ತವೆ. ಅರಸನು, ಊರು, ದೇವಸ್ಥಾನ ಈ ಮೂವರಲ್ಲಿ ಒಬ್ಬರು ಕೊಡುತ್ತಿದ್ದರು. ಕಲಿಯುವವನೇ ತಾನು ಧರಿಸುವ ಪಾತ್ರಕ್ಕೆ ಇಷ್ಟೆಂದು ಕೊಟ್ಟು ಕಲಿಸುವವನನ್ನು ಸಾಕುವ ಕ್ರಮವು ಮೇಲೆ ಕಂಡ ವಿಧಿಗಳಲ್ಲಿ ಯಾವುದರಲ್ಲಿಯೂ ಇಲ್ಲ. ಅದು ಈಚಿನ ಕಾಲದ್ದು. ಅದು ಹೇಗೆ ಬಂದಿತೆಂಬುದೇ ಮುಂದಿನ ವಿಚಾರ.

ಹಾರ್ಮೋನಿಯಂ ಬರುವುದಕ್ಕೆ ಮೊದಲು ಈ ಸೀಮೆಯಲ್ಲಿದ್ದುದು ಮೂಡಲಪಾಯದ ಬಯಲಾಟ. ನಾಗಮಂಗಲ ತಾಲ್ಲೂಕಿನವರಾದ ಜೀ. ಶಂ. ಪರಮಶಿವಯ್ಯನವರ ಪರಿಶ್ರಮದಿಂದ ಇದರ ಸ್ವರೂಪವು ವಿದ್ವತ್ಪ್ರಪಂಚಕ್ಕೆ ಪರಿಚಿತವಾಯಿತು. ಅಲ್ಲಿ ಕಲಿಸುವವನು ಭಾಗವತ. ಕೈಯಲ್ಲಿ ತಾಳ, ಹಿಂದೆ ಮದ್ದಳೆ, ಮುಖವೀಣೆ. ಅವನೂ ತಿಂಗಳುಗಟ್ಟಲೆ ಊರಲ್ಲಿ ನಿಂತು ಕಲಿಸುತ್ತಿದ್ದನು. ಅವನೂ ಆಟದ ರಾತ್ರಿ ರಂಗದ ಮೇಲೆಯೇ ಇದ್ದು ನಡೆಯಿಸುತ್ತಿದ್ದನು. ಆದರೆ ಅವನ ಸಂಭಾವನೆಯು ಊರೊಟ್ಟಿನದು: ದವಸ, ಬಟ್ಟೆ, ಫಲತಾಂಬೂಲ, ಕೈಗೆ ಬಂದಷ್ಟು ಹಣ. ಊರಿನ ಗೌಡನೂ ಯಜಮಾನರೂ ನಿಂತು ಅದನ್ನು ಕೂಡಿಸಿ ಕೊಡುತ್ತಿದ್ದರು. ಕೌಟಿಲ್ಯನ ಅಂಶಪದ್ಧತಿಗೆ ಇದು ಹತ್ತಿರವಾದದ್ದು. ಇದರಲ್ಲಿ ದೋಷವಿರಲಿಲ್ಲವೆಂದಲ್ಲ. ಕೊಡುವವರು ಯಜಮಾನರಾದುದರಿಂದ ಪಾತ್ರಗಳನ್ನು ಹಂಚುವಲ್ಲಿಯೂ ಅವರ ಮಾತೇ ನಡೆಯುತ್ತಿದ್ದಿತು. ಯಾರ ಮನೆಯ ಮಗನು ಅರಸಿನ ವೇಷ ಹಾಕಬಹುದು, ಯಾರು ದೂತನಾಗಿಯೇ ನಿಲ್ಲಬೇಕು ಎಂಬುದರಲ್ಲಿ ಕಂಠಕ್ಕಿಂತ ಕುಲದ ವಿಚಾರವು ಮುಂದಾಗುವುದು ಸಹಜವಾಗಿದ್ದಿತು.

ಈ ವ್ಯವಸ್ಥೆಯು ಸಡಿಲಿದುದಕ್ಕೆ ಕಾರಣಗಳು ಎರಡು ದಿಕ್ಕಿನಿಂದ ಬಂದುವು. ಮೊದಲನೆಯದು ನಾಟಕದ ಕಂಪನಿಗಳು. ಚಾಮರಾಜೇಂದ್ರ ಒಡೆಯರ ಆಶ್ರಯದಲ್ಲಿ ೧೮೮೦ರ ದಶಕದಲ್ಲಿ ಮೈಸೂರಿನ ಅರಮನೆಯ ನಾಟಕಸಭೆಯು ಏರ್ಪಟ್ಟಿತು. ಬಸವಪ್ಪಶಾಸ್ತ್ರಿಗಳಂಥ ಪಂಡಿತರು ಅದಕ್ಕೆ ನಾಟಕಗಳನ್ನು ರಚಿಸಿಕೊಟ್ಟರು. ಹೊರಗೆ ಗುಬ್ಬಿಯ ಕಂಪನಿ ೧೮೮೪ರಲ್ಲಿ ಹುಟ್ಟಿತು, ಮೈಸೂರಿನಲ್ಲಿ ಎ. ವಿ. ವರದಾಚಾರ್ಯರ ರತ್ನಾವಳಿ ಸಭೆಯು ಪ್ರಸಿದ್ಧವಾಯಿತು. ಬೆಂಗಳೂರಿಗೂ ಮೈಸೂರಿಗೂ ನಡುವಣ ರೈಲುದಾರಿಯು ಮದ್ದೂರು ಮಂಡ್ಯಗಳ ಮೂಲಕವೇ ಹಾದುದರಿಂದ ಪರದೆ ಪೆಟ್ಟಿಗೆಗಳನ್ನು ಹೊತ್ತ ಕಂಪನಿಗಳಿಗೆ ಈ ದಾರಿ ಸುಲಭವಾಯಿತು. ಮಳವಳ್ಳಿಯು ರೈಲುದಾರಿಯಿಂದ ದೂರವಿದ್ದರೂ ವೃತ್ತಿರಂಗಭೂಮಿಗೆ ಮಳವಳ್ಳಿ ಸುಂದರಮ್ಮನವರಂಥ ಗಾಯಕನಟಿಯ ಹೆಸರಿನ ಮೂಲಕ ತನ್ನ ಹೆಸರನ್ನು ಸೇರಿಸಿತು. ಗುಬ್ಬಿ ಕಂಪನಿಯವರು ೧೯೩೪ರಲ್ಲಿ ಬಿ. ಪುಟ್ಟಸ್ವಾಮಯ್ಯನವರ ಕುರುಕ್ಷೇತ್ರವನ್ನು ಆನೆ ಕುದುರೆಗಳ ವೈಭವದಿಂದ ಆಡಿದಾಗ ಅದರ ಕೀರ್ತಿ ಹಳ್ಳಿಹಳ್ಳಿಗೂ ಹರಡಿತು. ಅದೇ ವರ್ಷ ಕನ್ನಡದ ಮೊದಲನೆಯ ವಾಕ್ಚಿತ್ರವಾದ ಸತೀ ಸುಲೋಚನವೂ ತೆರೆಗೆ ಬಂದಿತು. ಚಲನಚಿತ್ರಗಳು ಬಲಗೊಂಡಂತೆಲ್ಲ ಕಂಪನಿಗಳು ಒಂದೊಂದಾಗಿ ಮುಚ್ಚಿದುವು. ಅವುಗಳಲ್ಲಿ ಹಾಡಿ, ನುಡಿಸಿ, ವೇಷಹಾಕಿ ಬದುಕಿದ್ದವರಲ್ಲಿ ಅನೇಕರು ಹಳ್ಳಿಗಳಿಗೆ ಬಂದು ಕಲಿಸುವವರಾದರು. ಕಂಪನಿಯಲ್ಲಿ ಸಂಬಳ ಪಡೆದು ರೂಢಿಯಾದವರು ದವಸಕ್ಕೂ ಬಟ್ಟೆಗೂ ಒಪ್ಪುವವರಲ್ಲ. ಅವರು ಹಣವನ್ನೇ ಕೇಳಿದರು.

ಕೇಳಿದರೆ ಕೊಡುವುದಕ್ಕೆ ಹಣವಿರಬೇಕಷ್ಟೆ. ಎರಡನೆಯ ಕಾರಣವು ಅದು. ಕನ್ನಂಬಾಡಿಯ ಕಟ್ಟೆಯಿಂದ ಹೊರಟ, ಮೊದಲು ಇರ್ವಿನ್ ಕಾಲುವೆಯೆಂದೂ ಅನಂತರ ವಿಶ್ವೇಶ್ವರಯ್ಯ ಕಾಲುವೆಯೆಂದೂ ಹೆಸರಾದ ನಾಲೆಯು ೧೯೩೦ರ ದಶಕದಲ್ಲಿ ಈ ಮೂರು ತಾಲ್ಲೂಕುಗಳ ಬೆದ್ದಲನ್ನು ಗದ್ದೆ ಮಾಡಿತು. ಮೈಸೂರು ಸಕ್ಕರೆಯ ಕಂಪನಿಯು ಮಂಡ್ಯದಲ್ಲಿ ೧೯೩೩ರಲ್ಲಿ ಸ್ಥಾಪಿತವಾಯಿತು. ೧೯೩೯ರಲ್ಲಿ ಮಂಡ್ಯವು ಮೈಸೂರಿನಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಯಾಯಿತು. ರಾಗಿಯನ್ನು ಬೆಳೆದು ಗುಡಾಣಕ್ಕೆ ಸುರಿದುಕೊಳ್ಳುತ್ತಿದ್ದ ರೈತನು ಕಬ್ಬನ್ನು ತೂಗಿಸಿ ಹಣವನ್ನು ಎಣಿಸಿಕೊಳ್ಳತೊಡಗಿದನು. ದವಸವು ಊರ ಕಣದಲ್ಲಿ ಎಲ್ಲರ ಕಣ್ಣೆದುರಿಗೆ ಅಳೆಯಲ್ಪಡತಕ್ಕದ್ದು. ಹಣವು ಒಬ್ಬೊಬ್ಬನ ಜೇಬಿಗೆ ಬೇರೆಬೇರೆಯಾಗಿ ಬರತಕ್ಕದ್ದು. ಊರೊಟ್ಟಿನ ಸಂಭಾವನೆಯು ಪಾತ್ರಧಾರಿಗಳ ತಲಾವಾರಿ ಕೊಡುಗೆಯಾಗಿ ಮಾರ್ಪಟ್ಟುದಕ್ಕೆ ಈ ವ್ಯತ್ಯಾಸವೇ ಮುಖ್ಯವಾದ ಹೇತುವೆಂದು ತೋರುತ್ತದೆ.

ಈಗ ನಡೆಯುತ್ತಿರುವ ಕ್ರಮ ಹೀಗಿದೆ. ನಾಟಕವಾಡಬೇಕೆಂಬ ಹುಮ್ಮಸ್ಸಿನ ಕೆಲವರು ಕಲೆತು ಮೇಷ್ಟ್ರನ್ನು ಕಂಡು ಎಲೆಅಡಿಕೆ ಕೊಟ್ಟು ಮಾತನಾಡುತ್ತಾರೆ. ಒಂದು ನಾಟಕವನ್ನು ಕಲಿಸಿ ಆಡಿಸಿಕೊಡುವುದಕ್ಕೆ ಇಷ್ಟೆಂದು ಒಟ್ಟು ಮೊತ್ತವು ಗೊತ್ತಾಗುತ್ತದೆ, ದಿನಗೂಲಿಯ ಲೆಕ್ಕವಲ್ಲ. ಸ್ವಲ್ಪ ಮುಂಗಡ, ನಡುವೆ ಕಂತು, ಉಳಿದದ್ದು ಆಟದ ದಿನಕ್ಕೆ. ಊಟವು ಪಾತ್ರಧಾರಿಗಳ ಮನೆಗಳಲ್ಲಿ ಸರದಿಯಂತೆ. ವಾರಾನ್ನದಿಂದ ಓದಿದ ಹಳೆಯ ಸಂಸ್ಕೃತ ಪಾಠಶಾಲೆಯ ವಿದ್ಯಾರ್ಥಿಗಳಿಗೆ ಇದರ ಸುಖದುಃಖಗಳನ್ನು ವಿವರಿಸಬೇಕಾಗಿಲ್ಲ. ಇಲ್ಲಿ ಮಾತ್ರ ವಾರಾನ್ನವು ಶಿಷ್ಯನಿಗಲ್ಲ, ಗುರುವಿಗೆ. ಮೇಷ್ಟ್ರ ಮೊತ್ತಕ್ಕೆ ಸೀನರಿ, ವೇಷಭೂಷಣ, ದೀಪ, ಧ್ವನಿವರ್ಧಕ, ತಬಲದವನು, ಸ್ತ್ರೀಪಾತ್ರಧಾರಿಗಳು, ಕರಪತ್ರ ಇವುಗಳ ವೆಚ್ಚವನ್ನೂ ಸೇರಿಸಿ ಬಂದ ಮೊತ್ತವನ್ನು ಪಾತ್ರಗಳ ಮೇಲೆ ಹಂಚುತ್ತಾರೆ. ಹಂಚುವುದು ಸಮವಾಗಿ ಅಲ್ಲ. ದುರ್ಯೋಧನ, ಕೃಷ್ಣ, ಭೀಮ, ಕರ್ಣ, ಅರ್ಜುನ ಇವರಿಗೆ ಹೆಚ್ಚು, ದ್ರೋಣ, ವಿದುರ ಮೊದಲಾದವರಿಗೆ ಅದಕ್ಕಿಂತ ಕಡಮೆ, ದ್ವಾರಪಾಲಕನಿಗೆ ಅತ್ಯಲ್ಪ. ಹಾಡು ಹೆಚ್ಚಾದಷ್ಟೂ ಪಾತ್ರದ ಬೆಲೆ ಹೆಚ್ಚು. ಬೃಹಸ್ಪತಿಯು ಬಂದುದನ್ನು ಪಡೆಯುವುದಕ್ಕೆ ಭಾಗಗಳನ್ನು ಹೇಳಿದನು. ಇಲ್ಲಿ ಭಾಗಗಳಿರುವುದು ಕೊಡುವುದಕ್ಕೆ.

ಇದರ ಫಲವು ಪಾತ್ರಹಂಚಿಕೆಯಲ್ಲಿ ಕಾಣುತ್ತದೆ. ಭರತನು ಭೂಮಿಕಾವಿಕಲ್ಪವೆಂಬ ಅಧ್ಯಾಯದಲ್ಲಿ ನಟನ ಅಂಗ, ಗತಿ, ಕಂಠ, ಸ್ವಭಾವಗಳನ್ನು ಪರೀಕ್ಷಿಸಿ ಆಚಾರ್ಯನು ಭೂಮಿಕೆಯನ್ನು ಕೊಡಬೇಕೆಂದು ವಿಧಿಸಿದ್ದಾನೆ. ಹೆಚ್ಚು ಹಣ ಕೊಡುವವನು ಮೊದಲೇ ಪಾತ್ರವನ್ನು ಹಿಡಿದುಕೊಂಡಿರುವಲ್ಲಿ ಆ ಪರೀಕ್ಷೆಗೆ ಎಡೆಯೆಲ್ಲಿ? ಕಂಠವಿಲ್ಲದವನು ಕೃಷ್ಣನಾಗುತ್ತಾನೆ, ಕಂಠವುಳ್ಳವನು ಹಣವಿಲ್ಲದೆ ಸೈನಿಕನಾಗಿ ಈಟಿ ಹಿಡಿದು ನಿಲ್ಲುತ್ತಾನೆ. ಮೇಷ್ಟ್ರಿಗೆ ಇದು ತಿಳಿಯದ ವಿಷಯವಲ್ಲ. ಆದರೆ ತನ್ನ ಅನ್ನವು ಬರುವುದು ಆ ಕೃಷ್ಣನ ಜೇಬಿನಿಂದ. ಆದಕಾರಣ ಅವನು ಬೇರೊಂದು ಜಾಣ್ಮೆಯನ್ನು ಬೆಳೆಸಿಕೊಂಡಿದ್ದಾನೆ: ಶ್ರುತಿಯನ್ನು ಇಳಿಸುವುದು, ಎತ್ತರದ ಸ್ಥಾಯಿಯ ಹಾಡನ್ನು ಬಿಡಿಸಿ ಕಂದಪದ್ಯವೊಂದನ್ನು ಇಡುವುದು, ತಪ್ಪಿದ ಸ್ವರವನ್ನು ಹಾರ್ಮೋನಿಯಮ್ಮಿನ ಗಟ್ಟಿಧ್ವನಿಯಿಂದ ಮುಚ್ಚುವುದು. ಗಮಕಿಗಳೂ ಸಂಗೀತವಿದ್ವಾಂಸರೂ ಈ ಗಟ್ಟಿಧ್ವನಿಯನ್ನು ಕೇಳಿ ಕಿವಿ ಮುಚ್ಚಿಕೊಳ್ಳುವರು; ಅದು ಎಷ್ಟು ಜನರ ಮಾನವನ್ನು ಮುಚ್ಚುತ್ತಿದೆಯೆಂಬುದನ್ನು ಅವರು ಅರಿಯರು.

ಒಂದೇ ನಾಟಕದಲ್ಲಿ ಒಂದನೆಯ ಕೃಷ್ಣ, ಎರಡನೆಯ ಕೃಷ್ಣ ಎಂದು ಇಬ್ಬರು ಕಾಣಿಸಿಕೊಳ್ಳುವುದನ್ನು ಕರಪತ್ರಗಳಲ್ಲಿ ನೋಡಬಹುದು. ಸಂಧಾನದವರೆಗೆ ಒಬ್ಬನು, ಯುದ್ಧದಲ್ಲಿ ಇನ್ನೊಬ್ಬನು. ರಾತ್ರಿಯಿಡೀ ಒಬ್ಬನೇ ಹಾಡಲಾರನೆಂಬುದು ಇದಕ್ಕೆ ಹೇಳುವ ಸಮಾಧಾನ, ಅದು ಸುಳ್ಳಲ್ಲ. ಆದರೆ ಪಾತ್ರವೊಂದು ಎರಡಾದರೆ ಕೊಡುವ ಕೈಗಳೂ ಎರಡಾಗುತ್ತವೆ, ಒಬ್ಬೊಬ್ಬರ ಹೊರೆಯೂ ಇಳಿಯುತ್ತದೆ ಎಂಬುದನ್ನು ಇದರೊಡನೆ ಸೇರಿಸಿ ನೋಡಬೇಕು. ನಾಟಕದ ಕಟ್ಟನ್ನು ಕವಿಯಷ್ಟೇ ಅಲ್ಲದೆ ವೆಚ್ಚದ ಲೆಕ್ಕವೂ ತಿದ್ದುವುದೆಂಬುದಕ್ಕೆ ಇದು ನಿದರ್ಶನ.

ಇಷ್ಟರಿಂದ ಈ ಪದ್ಧತಿಯನ್ನು ಕೇವಲ ದೋಷಭೂಯಿಷ್ಠವೆಂದು ತಳ್ಳಿಬಿಡುವುದು ಆತುರವಾದೀತು. ಭಾಗವತನ ಕಾಲದಲ್ಲಿ ಯಜಮಾನರ ಅನುಗ್ರಹವಿಲ್ಲದೆ ಅರಸಿನ ಕಿರೀಟವು ತಲೆಗೆ ಬರುತ್ತಿರಲಿಲ್ಲ. ಹಣದ ಪದ್ಧತಿ ಬಂದಮೇಲೆ ಕೂಲಿ ಮಾಡುವವನೂ ಎರಡು ಸುಗ್ಗಿಯ ಉಳಿತಾಯವನ್ನು ಕೂಡಿಟ್ಟು ಕರ್ಣನಾಗಬಹುದು. ಊರ ಹೊರಗಿನ ಕೇರಿಯವರು ತಮ್ಮದೇ ಒಂದು ತಂಡವನ್ನು ಕಟ್ಟಿ, ಮೇಷ್ಟ್ರನ್ನು ತಮ್ಮ ಕೇರಿಗೇ ಕರೆಯಿಸಿಕೊಂಡು, ದುರ್ಯೋಧನನ ಸಿಂಹಾಸನದ ಮೇಲೆ ತಮ್ಮವನನ್ನೇ ಕೂರಿಸಬಹುದು. ಯಾರ ಅಪ್ಪಣೆಯನ್ನೂ ಕೇಳಬೇಕಾಗಿಲ್ಲ. ಹಣವು ಕುಲವನ್ನು ಕೇಳದೆಂಬುದು ಅದರ ದೋಷವೂ ಹೌದು, ಗುಣವೂ ಹೌದು. ಹಿಂದಿನ ಪದ್ಧತಿಗೆ ಹಾಗೆಯೇ ಮರಳಬೇಕೆನ್ನುವವರು ಈ ಅಂಶವನ್ನು ತೂಗಿನೋಡಬೇಕಾಗಿದೆ.

ಆದರೆ ಪಾತ್ರಧಾರಿಗಳಿಗೂ ಮೇಷ್ಟ್ರಿಗೂ ನಡುವೆ ಫಲಭೇದವಿದೆ. ಆಟದ ರಾತ್ರಿ ಪಾತ್ರಧಾರಿಯ ನೆಂಟರಿಷ್ಟರು ರಂಗವನ್ನೇರಿ ಹಾರ ಹಾಕಿ, ನೋಟನ್ನು ಎದೆಗೆ ಸಿಕ್ಕಿಸಿ, ಕೆಲವೇಳೆ ಉಂಗುರವನ್ನೂ ತೊಡಿಸುತ್ತಾರೆ. ಕೊಟ್ಟವರ ಹೆಸರನ್ನು ಧ್ವನಿವರ್ಧಕದಲ್ಲಿ ಕೂಗಿ ಹೇಳುತ್ತಾರೆ. ಇದು ಮದುವೆಯ ಮುಯ್ಯಿಯಂತೆ ಮುಂದೆ ಹಿಂದಿರುಗಿಸಬೇಕಾದದ್ದಾದರೂ ಆ ಹೊತ್ತಿಗೆ ಪಾತ್ರಧಾರಿಗೆ ತಾನು ಕೊಟ್ಟುದರಲ್ಲಿ ಒಂದು ಭಾಗವು ಕೈಸೇರಿದಂತಾಗುತ್ತದೆ. ಹೀಗೆ ನೋಡುವವರ ಅಂಶವು ಈಗಲೂ ಬರುತ್ತಲೇ ಇದೆ. ಆದರೆ ಕೌಟಿಲ್ಯನು ಹೇಳಿದಂತೆ ಪ್ರೇಕ್ಷೆಯ ವೆಚ್ಚಕ್ಕೆ ಬಾರದೆ, ಬೇಕಾದವನೊಬ್ಬನ ಎದೆ ಹಾರಕ್ಕೆ ಬರುತ್ತದೆ. ಮೇಷ್ಟ್ರ ಪಾಲಿಗೆ ಒಂದು ಶಾಲೂ ಒಂದು ಹಾರವೂ ಬಂದರೆ ಹೆಚ್ಚು. ನಡುವೆ ಒಬ್ಬ ಪಾತ್ರಧಾರಿ ಜಗಳವಾಡಿ ಬಿಟ್ಟುಹೋದರೆ, ಊರಲ್ಲಿ ಸಾವಾಗಿ ನಾಟಕ ನಿಂತರೆ, ಮಳೆ ಹಿಂದೆಗೆದು ಬೆಳೆ ಕೆಟ್ಟರೆ, ಉಳಿದ ಕಂತು ಬರುವುದೆಂಬ ಭರವಸೆಯಿಲ್ಲ. ಕಲಿಸಿದ ರಾತ್ರಿಗಳನ್ನು ಹಿಂದಕ್ಕೆ ಪಡೆಯುವುದು ಹೇಗೆ? ಒಂದೇ ಕಾಲದಲ್ಲಿ ಎರಡು ಮೂರು ಊರುಗಳನ್ನು ಒಪ್ಪಿಕೊಂಡು ವಾರವನ್ನು ಹರಿದು ಹಂಚಿಕೊಳ್ಳುವ ಮೇಷ್ಟ್ರುಗಳನ್ನು ಲೋಭಿಗಳೆಂದು ಜರೆಯುವವರು ಈ ಅನಿಶ್ಚಯವನ್ನು ಎಣಿಕೆಗೆ ತಂದುಕೊಳ್ಳಬೇಕು.

ಪಟ್ಟಣಗಳ ಹವ್ಯಾಸಿಗಳು ಈ ಪ್ರಶ್ನೆಯನ್ನು ಬೇರೊಂದು ಬಗೆಯಲ್ಲಿ ಬಿಡಿಸಿಕೊಂಡರು. ಬೆಂಗಳೂರಿನಲ್ಲಿ ಅಮೆಚೂರ್ ಡ್ರಮ್ಯಾಟಿಕ್ ಅಸೋಸಿಯೇಷನ್ ೧೯೦೯ರಲ್ಲಿ ಸ್ಥಾಪಿತವಾದಂದಿನಿಂದ, ನಾಟಕದಿಂದ ಜೀವಿಸದಿರುವುದೇ ಸಭ್ಯತೆಯ ಲಕ್ಷಣವೆಂಬ ಭಾವವು ವಿದ್ಯಾವಂತರಲ್ಲಿ ಬೇರೂರಿತು. ಬೇರೆ ಉದ್ಯೋಗದಿಂದ ಜೀವನ ನಡೆಯುವವರಿಗೆ ಅದು ಸಾಧ್ಯವಾದ ಸಭ್ಯತೆ. ಮುಂದೆ ರಂಗಶಿಕ್ಷಣವೇ ವೃತ್ತಿಯಾಗಬೇಕೆಂದು ತಿಳಿದವರು ಸಂಸ್ಥೆಗಳನ್ನು ಕಟ್ಟಿದರು: ೧೯೪೯ರಲ್ಲಿ ಹುಟ್ಟಿದ ಹೆಗ್ಗೋಡಿನ ನೀನಾಸಮ್ ೧೯೮೦ರಲ್ಲಿ ರಂಗಶಿಕ್ಷಣಕೇಂದ್ರವನ್ನು ತೆರೆಯಿತು, ಸರ್ಕಾರವು ೧೯೮೯ರಲ್ಲಿ ಮೈಸೂರಿನಲ್ಲಿ ಬಿ. ವಿ. ಕಾರಂತರ ನಿರ್ದೇಶಕತ್ವದಲ್ಲಿ ರಂಗಾಯಣವನ್ನು ಸ್ಥಾಪಿಸಿ ಕಲಾವಿದರಿಗೆ ಸಂಬಳವನ್ನು ಕೊಟ್ಟಿತು. ರಾಜಾದಾಯದಿಂದ ಆಚಾರ್ಯನ ಜೀವನವೆಂಬ ಕೌಟಿಲ್ಯನ ವಿಧಿಯು ಮತ್ತೆ ತಲೆಯೆತ್ತಿತೆನ್ನಬಹುದು. ಮೈಸೂರಿನಿಂದ ಮಂಡ್ಯಕ್ಕೆ ದೂರವೇನೂ ಹೆಚ್ಚಿಲ್ಲ. ಆದರೂ ಹಾರ್ಮೋನಿಯಂ ಮೇಷ್ಟ್ರು ಆ ಪರಿಧಿಯ ಹೊರಗೇ ಉಳಿದನು. ಅವನು ಕಲಿಸುವುದು ಹಳೆಯ ಮಾದರಿಯದೆಂದು ಹೊಸಬರಿಗೆ ಉದಾಸೀನ; ಹಣ ಪಡೆಯುತ್ತಾನೆಂದು ಹವ್ಯಾಸಿಗಳಿಗೆ ತಾತ್ಸಾರ.

ಹೀಗಿರಲಾಗಿ, ಮೇಷ್ಟ್ರಿಗೆ ವೇತನ ಕೊಡಬೇಕೇ ಬೇಡವೇ ಎಂಬುದು ಈ ಸೀಮೆಯ ಮಟ್ಟಿಗೆ ಪ್ರಶ್ನೆಯೇ ಅಲ್ಲ. ಶಾಸ್ತ್ರವೂ ರೂಢಿಯೂ ಅದನ್ನು ಎಂದೋ ತೀರ್ಮಾನಿಸಿವೆ. ತೀರ್ಮಾನವಾಗದೆ ಉಳಿದಿರುವುದು ಅದು ಯಾರ ಕೈಯಿಂದ ಬರಬೇಕೆಂಬುದು. ಯಜಮಾನನ ಕೈಯಿಂದ ಬಂದಾಗ ಪಾತ್ರವು ಯಜಮಾನನ ಇಷ್ಟದಂತೆ ಹೋಯಿತು. ಪಾತ್ರಧಾರಿಯ ಕೈಯಿಂದ ಬಂದಾಗ ಪಾತ್ರಧಾರಿಯ ಇಷ್ಟದಂತೆ ಹೋಗುತ್ತಿದೆ. ಭೂಮಿಕೆಯನ್ನು ಆಚಾರ್ಯನೇ ಕೊಡಬೇಕೆಂಬ ಭರತನ ಮಾತು ನಿಲ್ಲಬೇಕಾದರೆ, ಆಚಾರ್ಯನ ಸಂಭಾವನೆಯಷ್ಟನ್ನಾದರೂ ಪಾತ್ರದ ಬೆಲೆಯಿಂದ ಬಿಡಿಸಿ ಮನೆಗಿಷ್ಟೆಂಬ ಅಂಶದಿಂದ ಕೂಡಿಸತಕ್ಕದ್ದು. ಸೀನರಿ ವೇಷಭೂಷಣಗಳ ವೆಚ್ಚವು ಪಾತ್ರಧಾರಿಗಳ ಮೇಲೆಯೇ ಇದ್ದರೂ ಅಡ್ಡಿಯಿಲ್ಲ. ಮಾರಿಹಬ್ಬಕ್ಕೂ ಗುಡಿಯ ಜೀರ್ಣೋದ್ಧಾರಕ್ಕೂ ಮನೆವಂತಿಗೆಯನ್ನು ಎತ್ತಿ ರೂಢಿಯಿರುವ ಊರುಗಳಿಗೆ ಇದು ಅಪೂರ್ವವಾದ ಏರ್ಪಾಡಲ್ಲ. ಎಲ್ಲ ಕೇರಿಗಳ ಅಂಶವೂ ಅದರಲ್ಲಿ ಸೇರಿದರೆ ಯಜಮಾನರ ಹಳೆಯ ಅಧಿಕಾರವು ಮರಳುವ ಭಯವೂ ಕಡಮೆಯಾಗುವುದು.

ವೃದ್ಧರಾದ ಮೇಷ್ಟ್ರುಗಳ ವಿಷಯವೊಂದು ಉಳಿದಿದೆ. ವಯಸ್ಸಾದ ಕಲಾವಿದರಿಗೆ ರಾಜ್ಯಸರ್ಕಾರವು ಮಾಸಾಶನವನ್ನು ಕೊಡುತ್ತದೆ. ಅದನ್ನು ಬೇಡುವವನು ತಾನು ಇಷ್ಟು ವರ್ಷ ಕಲಾಸೇವೆ ಮಾಡಿದೆನೆಂಬುದನ್ನು ತೋರಿಸಬೇಕಷ್ಟೆ. ಎಲೆಅಡಿಕೆಯ ಮೇಲೆ ಆದ ಒಪ್ಪಂದಗಳಿಗೆ ಬರವಣಿಗೆಯಿಲ್ಲ, ಕಂತುಗಳಿಗೆ ರಸೀತಿಯಿಲ್ಲ. ಉಳಿದಿರುವ ಆಧಾರವೆಂದರೆ ಆಟದ ಕರಪತ್ರಗಳು. ಬಣ್ಣದ ತೆಳುಗಾಗದದ ಮೇಲೆ ಪಾತ್ರಧಾರಿಗಳ ಉದ್ದನೆಯ ಪಟ್ಟಿಯ ಮೇಲೆಯೋ ಕೆಳಗೆಯೋ ಮೇಷ್ಟ್ರ ಹೆಸರೂ ಊರೂ ಒಂದು ಸಾಲಿನಲ್ಲಿರುತ್ತವೆ. ಆಟದ ಮರುದಿನ ಬೀದಿಯಲ್ಲಿ ತೂರಿಹೋಗುವ ಈ ಕಾಗದಗಳನ್ನು ಹಾರ್ಮೋನಿಯಮ್ಮಿನ ಪೆಟ್ಟಿಗೆಯಲ್ಲಿ ಮಡಿಸಿ ಇಟ್ಟುಕೊಂಡವರ ಬಳಿ ಮಾತ್ರ ಈ ಸೀಮೆಯ ನಾಟಕದ ಚರಿತ್ರೆಯೂ ಅವರ ಸ್ವಂತ ಹಕ್ಕೂ ಒಟ್ಟಿಗೆ ಉಳಿದಿವೆ. ಅವುಗಳನ್ನು ಊರು, ತಿಥಿ, ನಾಟಕ, ಮೇಷ್ಟ್ರು ಎಂಬ ಕ್ರಮದಲ್ಲಿ ಪಟ್ಟಿಮಾಡುವ ಕೆಲಸವನ್ನು ಈ ಮೂರು ತಾಲ್ಲೂಕುಗಳ ಕನ್ನಡ ಅಧ್ಯಾಪಕರು ತಮ್ಮ ವಿದ್ಯಾರ್ಥಿಗಳಿಂದ ಮಾಡಿಸಬಹುದು.